ಕೊಬ್ಬೆಂಬ ಮಾತೂ ಮೇದಸ್ಸೆಂಬ ಧಾತುವೂ

೧

ಒಂದು ಪದಾರ್ಥಕ್ಕೆ ಭಾಷೆಯಲ್ಲಿ ನಿಂತ ಹೆಸರು ಆ ಪದಾರ್ಥದ ವಿಷಯದಲ್ಲಿ ಜನರು ಮಾಡಿಕೊಂಡಿರುವ ತೀರ್ಮಾನವನ್ನೂ ಒಳಗೊಂಡಿರುವುದುಂಟು. ಕನ್ನಡದ ‘ಕೊಬ್ಬು’ ಎಂಬ ಮಾತು ಇದಕ್ಕೆ ತಕ್ಕ ನಿದರ್ಶನ. ಹಳಗನ್ನಡದ ‘ಕೊರ್ವು’ ಎಂಬ ರೂಪದಿಂದ ಇಳಿದುಬಂದ ಈ ಮಾತು ಶರೀರದಲ್ಲಿರುವ ಜಿಡ್ಡಿನ ಧಾತುವನ್ನು ಹೇಳುವಂತೆಯೇ ಮನುಷ್ಯನ ಸೊಕ್ಕನ್ನೂ ಹೇಳುತ್ತದೆ. ‘ಅವನಿಗೆ ಕೊಬ್ಬು ಹೆಚ್ಚಿದೆ’ ಎಂದಾಗ ಕೇಳಿದವರಾರೂ ಆತನ ಸೊಂಟದ ಕಡೆಗೆ ನೋಡುವುದಿಲ್ಲ.

ಈ ಎರಡರ್ಥ ಕನ್ನಡವೊಂದಕ್ಕೇ ಸೇರಿದುದಲ್ಲ. ೧೮೦೯ರಲ್ಲಿ ಬ್ರಿಟಿಷರ ಸೈನ್ಯ ಹಲಸೂರಿನ ಬಳಿ ಬಂದು ನೆಲಸಿದಂದಿನಿಂದ ಅದರ ಸುತ್ತ ಬೆಳೆದ ಬೆಂಗಳೂರು ದಂಡಿನಲ್ಲಿ ನಾಲ್ಕಾರು ಭಾಷೆಗಳು ಒಟ್ಟಿಗೆ ಬಾಳುತ್ತಿವೆ. ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಮುಂದೆ ಒಂದು ಗಳಿಗೆ ನಿಂತವನ ಕಿವಿಗೆ ಕನ್ನಡ, ತಮಿಳು, ತೆಲುಗು, ದಖನಿ ಉರ್ದು ಇವೆಲ್ಲವೂ ಬೀಳುತ್ತವೆ. ತಮಿಳಿನ ‘ಕೊೞುಪ್ಪು’, ತೆಲುಗಿನ ‘ಕೊವ್ವು’, ಉರ್ದುವಿನ ‘ಚರ್ಬಿ’ ಈ ಮೂರು ಮಾತುಗಳಿಗೂ ಕನ್ನಡದ ಮಾತಿಗಿರುವಂತೆಯೇ ಎರಡರ್ಥ. ಒಂದೇ ಕಟ್ಟೆಯ ಮೇಲೆ ಕುಳಿತು ನಾಲ್ಕು ಭಾಷೆಗಳಲ್ಲಿ ಬೈದಾಡುವವರು ಈ ಒಂದು ವಿಷಯದಲ್ಲಿ ಪರಸ್ಪರ ತರ್ಜುಮೆಯ ಸಹಾಯವಿಲ್ಲದೆಯೇ ಅರ್ಥಮಾಡಿಕೊಳ್ಳಬಲ್ಲರು.

ಮಾತಿನಲ್ಲಿ ಹೀಗೆ ಅಡಗಿರುವ ತೀರ್ಮಾನಗಳು ಎರಡು. ಕೊಬ್ಬೆಂಬುದು ಮಿಕ್ಕು ಉಳಿದ ಪದಾರ್ಥ, ಶರೀರಕ್ಕೆ ಬೇಡವಾದ ಹೊರೆ ಎಂಬುದು ಮೊದಲನೆಯದು. ಅದನ್ನು ಹೊತ್ತವನು ಅಪರಾಧಿ, ಹೊರದವನು ನಿರ್ದೋಷಿ ಎಂಬುದು ಎರಡನೆಯದು. ಕನ್ನಡದಲ್ಲಿ ಈಚೆಗೆ ಹೇರಳವಾಗಿ ಬೆಳೆದಿರುವ ಆರೋಗ್ಯಸಾಹಿತ್ಯವು, ಎಂದರೆ ಪತ್ರಿಕೆಗಳ ಅಂಕಣಗಳು, ಕಿರುಹೊತ್ತಗೆಗಳು, ವ್ಯಾಯಾಮಶಾಲೆಗಳ ಪ್ರಕಟಣೆಗಳು, ಈ ಎರಡು ತೀರ್ಮಾನಗಳನ್ನೂ ಪರೀಕ್ಷಿಸದೆ ಅಂಗೀಕರಿಸಿಕೊಂಡಿದೆ. ಕೊಬ್ಬನ್ನು ‘ಕರಗಿಸುವುದು’, ‘ಇಳಿಸುವುದು’, ‘ಸುಡುವುದು’ ಎಂಬ ಕ್ರಿಯಾಪದಗಳಲ್ಲದೆ ಬೇರೆ ಕ್ರಿಯಾಪದಗಳೇ ಅದಕ್ಕೆ ದೊರೆತಂತಿಲ್ಲ. ಈ ಸಾಹಿತ್ಯದ ಭಾಷೆ ವಸ್ತುಸ್ಥಿತಿಗೆ ಎಷ್ಟರಮಟ್ಟಿಗೆ ಹೊಂದುತ್ತದೆ, ಹೊಂದದಿರುವಲ್ಲಿ ಅದರಿಂದ ಯಾರಿಗೆ ಹಾನಿ ಎಂಬುದೇ ಇಲ್ಲಿನ ವಿಚಾರ.

೨

ಕೊಬ್ಬು ಬರಿಯ ಉಗ್ರಾಣವೆಂಬ ಭಾವನೆಗೆ ಶಾಸ್ತ್ರದ ಬೆಂಬಲ ಬಹುಕಾಲ ಇದ್ದಿತೆಂಬುದನ್ನು ಮರೆಯಲಾಗದು. ಉಂಡ ಅನ್ನದಲ್ಲಿ ವ್ಯಯವಾಗದ ಶಕ್ತಿ ಜಿಡ್ಡಾಗಿ ಸಂಗ್ರಹವಾಗುತ್ತದೆ; ಉಪವಾಸ ಬಂದಾಗ ಅದೇ ಕರಗಿ ಶರೀರವನ್ನು ಕಾಪಾಡುತ್ತದೆ. ಇದು ಸತ್ಯವೇ, ಆದರೆ ಅರ್ಧಸತ್ಯ. ಉಗ್ರಾಣವೆಂದ ಮೇಲೆ ಅದರೊಳಗೆ ಎಷ್ಟಿದೆಯೆಂದು ಅಳೆಯುವುದೊಂದೇ ಉಳಿದ ಕೆಲಸವಾಗುತ್ತದೆ. ಆ ಅಳತೆಯಾಗಿ ಬಂದುದು ತಕ್ಕಡಿ. ಬೆಲ್ಜಿಯಂ ದೇಶದ ಖಗೋಳಜ್ಞನೂ ಸಂಖ್ಯಾಶಾಸ್ತ್ರಜ್ಞನೂ ಆಗಿದ್ದ ಕೆಟಲೇ ೧೮೩೨ರಲ್ಲಿ ಬೆಳೆದ ಮನುಷ್ಯರ ತೂಕವು ಅವರ ಎತ್ತರದ ವರ್ಗವನ್ನು ಅನುಸರಿಸಿ ಏರುತ್ತದೆಂದು ಕಂಡುಕೊಂಡನು. ಜನಸಮುದಾಯಗಳನ್ನು ಹೋಲಿಸುವುದು ಆತನ ಉದ್ದೇಶವಾಗಿತ್ತು. ಒಬ್ಬೊಬ್ಬ ರೋಗಿಯ ವಿಚಾರದಲ್ಲಿ ತೀರ್ಪು ಕೊಡುವುದಾಗಿರಲಿಲ್ಲ. ೧೯೭೨ರಲ್ಲಿ ಅಮೆರಿಕೆಯ ಆನ್ಸೆಲ್ ಕೀಸನೂ ಅವನ ಜೊತೆಗಾರರೂ ಅದಕ್ಕೆ ‘ಬಾಡಿ ಮಾಸ್ ಇಂಡೆಕ್ಸ್’ ಎಂದು ಹೆಸರಿಟ್ಟ ಮೇಲೆ ಆ ಲೆಕ್ಕ ವೈದ್ಯರ ಮೇಜಿನ ಮೇಲೆ ಸ್ಥಿರವಾಗಿ ಕುಳಿತಿತು. ಅದನ್ನು ‘ದೇಹತೂಕಾಂಕ’ವೆಂದು ಕರೆಯಬಹುದು.

ಈ ಲೆಕ್ಕಕ್ಕೆ ಒಳಪಡದ ಒಂದು ಅಂಶವನ್ನು ಫ್ರಾನ್ಸಿನ ಮಾರ್ಸೇಲ್ ಪಟ್ಟಣದ ವೈದ್ಯ ಜಾನ್ ವಾಗ್ ಎಂಬಾತನು ೧೯೪೭ರಲ್ಲಿಯೇ ಎತ್ತಿ ತೋರಿಸಿದ್ದನು. ಸಮಾನವಾಗಿ ಸ್ಥೂಲರಾದವರಲ್ಲಿಯೂ ಮೈಯ ಮೇಲುಭಾಗದಲ್ಲಿ ಮೇದಸ್ಸು ತುಂಬಿಕೊಂಡವರಿಗೆ ಸಕ್ಕರೆಕಾಯಿಲೆಯೂ ರಕ್ತನಾಳಗಳ ರೋಗವೂ ಹೆಚ್ಚು; ತೊಡೆ ನಿತಂಬಗಳಲ್ಲಿ ತುಂಬಿಕೊಂಡವರಿಗೆ ಕಡಮೆ. ಕೊಬ್ಬು ಬರಿಯ ಹೊರೆಯಾಗಿದ್ದಲ್ಲಿ ಅದನ್ನು ಹೆಗಲ ಮೇಲೆ ಹೊತ್ತರೇನು, ಸೊಂಟದಲ್ಲಿ ಕಟ್ಟಿಕೊಂಡರೇನು? ಸ್ಥಾನದಿಂದ ಫಲ ಬೇರೆಯಾಗುವುದಾದರೆ ಆ ಪದಾರ್ಥ ಏನನ್ನೋ ಮಾಡುತ್ತಿರಬೇಕು. ಏನನ್ನು ಮಾಡುತ್ತಿದೆಯೆಂಬುದು ತಿಳಿಯುವುದಕ್ಕೆ ಮತ್ತೆ ಅರ್ಧಶತಮಾನ ಹಿಡಿಯಿತು.

೩

ಮೈನ್ ಸಂಸ್ಥಾನದ ಬಾರ್ ಹಾರ್ಬರಿನ ಜಾಕ್ಸನ್ ಪ್ರಯೋಗಶಾಲೆಯಲ್ಲಿ ಹುಟ್ಟಿನಿಂದಲೇ ಮಿತಿಮೀರಿ ಉಣ್ಣುವ ಎರಡು ಬಗೆಯ ಇಲಿಗಳಿದ್ದುವು. ಡಗ್ಲಾಸ್ ಕೋಲ್ಮನ್ ಎಂಬ ವಿಜ್ಞಾನಿ ಒಂದರ ರಕ್ತ ಮತ್ತೊಂದಕ್ಕೆ ಹರಿಯುವಂತೆ ಇಲಿಗಳನ್ನು ಜೋಡಿಜೋಡಿಯಾಗಿ ಹೊಲಿದು ನೋಡಿದನು. ಒಂದು ಬಗೆಯ ಸ್ಥೂಲ ಇಲಿಯ ಜೊತೆ ಕೂಡಿಸಿದ ಇಲಿ, ಅದು ಸಾಧಾರಣ ಇಲಿಯಾಗಿದ್ದರೂ ಮತ್ತೊಂದು ಬಗೆಯ ಸ್ಥೂಲ ಇಲಿಯಾಗಿದ್ದರೂ, ಅನ್ನವನ್ನು ಬಿಟ್ಟು ಕ್ಷೀಣಿಸಿತು. ಇದರಿಂದ ಆತನು ಊಹಿಸಿದುದು ಹೀಗೆ: ‘ಸಾಕು’ ಎಂದು ಹೇಳುವ ಪದಾರ್ಥವೊಂದು ರಕ್ತದಲ್ಲಿದೆ, ಒಂದು ಬಗೆಯ ಇಲಿಗೆ ಹೇಳುವ ಬಾಯಿಲ್ಲ, ಮತ್ತೊಂದಕ್ಕೆ ಕೇಳುವ ಕಿವಿಯಿಲ್ಲ. ೧೯೯೪ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾನಿಲಯದ ಜೆಫ್ರಿ ಫ್ರೀಡ್‌ಮನ್ನನೂ ಅವನ ಸಂಗಡಿಗರೂ ಆ ಪದಾರ್ಥದ ವಂಶವಾಹಿಯನ್ನು ಹಿಡಿದರು. ಅದು ಹುಟ್ಟುತ್ತಿದ್ದುದು ಮೇದೋಧಾತುವಿನಲ್ಲಿ. ಕೃಶವೆಂಬ ಅರ್ಥದ ಗ್ರೀಕ್ ಶಬ್ದದಿಂದ ಅದಕ್ಕೆ ‘ಲೆಪ್ಟಿನ್’ ಎಂದು ಹೆಸರಾಯಿತು. ೧೯೯೭ರಲ್ಲಿ ಲೆಪ್ಟಿನ್ ಇಲ್ಲದೆ ಹುಟ್ಟಿದ ಇಬ್ಬರು ಮಕ್ಕಳ ವಿಷಯ ಇಂಗ್ಲೆಂಡಿನಿಂದ ವರದಿಯಾಯಿತು. ತೀರದ ಹಸಿವು ಆ ಮಕ್ಕಳ ರೋಗ. ಅದನ್ನು ಹೊಟ್ಟೆಬಾಕತನವೆಂದು ಯಾರು ಕರೆದಿದ್ದರೂ ಅದು ಅನ್ಯಾಯವೇ. ಇಲ್ಲದ ಸ್ರಾವವನ್ನು ಚುಚ್ಚುಮದ್ದಿನ ಮೂಲಕ ಕೊಟ್ಟಾಗ ಹಸಿವು ಅಡಗಿತು, ಮೈ ಇಳಿಯಿತು.

ಇದೇ ಕಾಲದಲ್ಲಿ ಬೇರೆ ಸ್ರಾವಗಳೂ ಒಂದೊಂದಾಗಿ ಹೊರಬಿದ್ದುವು. ಉರಿಯೂತವನ್ನು ಹುಟ್ಟಿಸುವ ‘ಟಿ. ಎನ್. ಎಫ್. ಆಲ್ಫಾ’ ಎಂಬ ಪದಾರ್ಥ ಸ್ಥೂಲವಾದ ಇಲಿಗಳ ಮೇದೋಧಾತುವಿನಲ್ಲಿ ಹೆಚ್ಚಾಗಿ ಉತ್ಪತ್ತಿಯಾಗಿ ಇನ್ಸುಲಿನ್ನಿನ ಕಾರ್ಯಕ್ಕೆ ಅಡ್ಡಬರುವುದೆಂದು ೧೯೯೩ರಲ್ಲಿ ತಿಳಿಯಿತು. ೧೯೯೫ ಮತ್ತು ೧೯೯೬ರಲ್ಲಿ ಅಮೆರಿಕೆ ಮತ್ತು ಜಪಾನಿನ ನಾಲ್ಕು ಪ್ರಯೋಗಶಾಲೆಗಳು ಬೇರೆಬೇರೆಯಾಗಿ ಕಂಡ ಒಂದೇ ಪದಾರ್ಥಕ್ಕೆ ಕಡೆಗೆ ‘ಅಡಿಪೊನೆಕ್ಟಿನ್’ ಎಂಬ ಹೆಸರು ನಿಂತಿತು. ಇದು ರಕ್ತದಲ್ಲಿ ಲೆಪ್ಟಿನ್ನಿಗಿಂತ ಸುಮಾರು ಸಾವಿರ ಪಟ್ಟು ಹೆಚ್ಚಾಗಿರುತ್ತದೆ. ಇನ್ಸುಲಿನ್ನಿನ ಮಾತು ಯಕೃತ್ತಿಗೂ ಮಾಂಸಖಂಡಗಳಿಗೂ ನಾಟುವಂತೆ ಮಾಡುತ್ತದೆ. ವಿಶೇಷವೇನೆಂದರೆ ಮೇದಸ್ಸು ಬೆಳೆದಂತೆಲ್ಲ ಲೆಪ್ಟಿನ್ ಏರುತ್ತದೆ, ಅಡಿಪೊನೆಕ್ಟಿನ್ ಇಳಿಯುತ್ತದೆ. ಉಗ್ರಾಣದಲ್ಲಿ ಸರಕು ಹೆಚ್ಚಿದಷ್ಟೂ ಅದರಿಂದ ಹೊರಡುವ ಒಂದು ಪದಾರ್ಥ ಕಡಮೆಯಾಗುವುದೆಂದರೆ ಉಗ್ರಾಣದ ಉಪಮಾನ ಅಲ್ಲಿಗೆ ಮುರಿದುಬಿದ್ದಂತೆಯೇ.

ಇವು ಹೃದಯವನ್ನು ಮುಟ್ಟುವ ಬಗೆಯನ್ನು ಸಂಗ್ರಹವಾಗಿ ಹೇಳಬಹುದು. ಚರ್ಮದ ಕೆಳಗಿನ ಮೇದಸ್ಸು ತನ್ನ ಶಕ್ತಿಯಿರುವವರೆಗೆ ಜಿಡ್ಡನ್ನು ತನ್ನಲ್ಲಿ ಭದ್ರವಾಗಿ ಇಟ್ಟುಕೊಳ್ಳುತ್ತದೆ. ಅದರ ಮಿತಿ ತುಂಬಿದ ಮೇಲೆ ಜಿಡ್ಡು ಉಕ್ಕಿ ಹೊಟ್ಟೆಯೊಳಗಿನ ಅಂಗಗಳ ಸುತ್ತ, ಯಕೃತ್ತಿನೊಳಗೆ, ಮಾಂಸದೊಳಗೆ, ಹೃದಯದ ಹೊರಮೈಯ ಮೇಲೆ ನೆಲೆಮಾಡುತ್ತದೆ. ಉಬ್ಬಿದ ಮೇದಃಕಣಗಳ ನಡುವೆ ರಕ್ತದ ಭಕ್ಷಕಕಣಗಳು ಬಂದು ಸೇರಿ ಸಣ್ಣಗೆ ಉರಿಯೂತ ಹತ್ತುತ್ತದೆ. ಹೊಟ್ಟೆಯೊಳಗಿನ ಮೇದಸ್ಸಿನಿಂದ ಹೊರಟ ಜಿಡ್ಡಿನ ಆಮ್ಲಗಳೂ ಸ್ರಾವಗಳೂ ಬಹುಮಟ್ಟಿಗೆ ನೆಟ್ಟಗೆ ಯಕೃತ್ತಿಗೆ ಹೋಗುವ ಸಿರೆಯನ್ನು ಸೇರುತ್ತವೆ. ಯಕೃತ್ತು ಇನ್ಸುಲಿನ್ನಿಗೆ ಕಿವಿಗೊಡದೆ ಸಕ್ಕರೆಯನ್ನೂ ಜಿಡ್ಡನ್ನೂ ರಕ್ತಕ್ಕೆ ಸುರಿಯತೊಡಗುತ್ತದೆ. ಮೇದೋಜೀರಕಗ್ರಂಥಿ ಇನ್ಸುಲಿನ್ನನ್ನು ಹೆಚ್ಚುಹೆಚ್ಚಾಗಿ ಒದಗಿಸಿ ಕಡೆಗೆ ಸೋಲುತ್ತದೆ. ರಕ್ತದ ಒತ್ತಡವನ್ನು ಏರಿಸುವ, ಹೆಪ್ಪನ್ನು ಕರಗಗೊಡದಿರುವ ಪದಾರ್ಥಗಳನ್ನೂ ಮೇದಸ್ಸು ಸ್ರವಿಸುತ್ತದೆ. ಹೃದಯದ ಮೇಲಿನ ಮೇದಸ್ಸಿಗೂ ಹೃದಯಕ್ಕೆ ರಕ್ತವೊಯ್ಯುವ ಧಮನಿಗಳಿಗೂ ನಡುವೆ ತೆರೆಯೊಂದೂ ಇಲ್ಲದಿರುವುದರಿಂದ ಅಲ್ಲಿನ ಸ್ರಾವಗಳು ಧಮನಿಯ ಗೋಡೆಯನ್ನು ಹೊರಗಿನಿಂದಲೇ ತಾಗಬಲ್ಲುವು. ಹೀಗೆ ನೋಡಿದರೆ ಮೇದಸ್ಸು ಒಂದು ನಿರ್ನಾಳಗ್ರಂಥಿ. ಅದೂ ಶರೀರದಲ್ಲಿ ಎಲ್ಲಕ್ಕೂ ದೊಡ್ಡದಾಗಬಲ್ಲ ಗ್ರಂಥಿ.

೪

ಮಾತಿನಲ್ಲಡಗಿದ್ದ ಮೊದಲನೆಯ ತೀರ್ಮಾನ, ಕೊಬ್ಬು ಬೇಡದ ಹೊರೆಯೆಂಬುದು, ಎಷ್ಟು ದುರ್ಬಲವೆಂಬುದಕ್ಕೆ ಒಂದು ವಿಪರೀತ ದೃಷ್ಟಾಂತ ಸಾಕು. ಹುಟ್ಟಿನಿಂದಲೋ ಅನಂತರದ ರೋಗದಿಂದಲೋ ಮೇದೋಧಾತುವೇ ಇಲ್ಲದಂತಾಗುವ ಮನುಷ್ಯರು ಅಪರೂಪವಾಗಿ ಇರುತ್ತಾರೆ. ಜನರ ಮಾತನ್ನು ನಂಬುವುದಾದರೆ ಇವರು ಆರೋಗ್ಯದ ಪರಮಾವಧಿಯನ್ನು ಮುಟ್ಟಿರಬೇಕು. ವಸ್ತುತಃ ಇವರಿಗೆ ಉಗ್ರವಾದ ಸಕ್ಕರೆಕಾಯಿಲೆ, ಜಿಡ್ಡುತುಂಬಿದ ಯಕೃತ್ತು, ರಕ್ತದಲ್ಲಿ ಹಾಲಿನಂತೆ ತೇಲುವ ಜಿಡ್ಡು ಇವೆಲ್ಲವೂ ಬರುತ್ತವೆ. ಸ್ಥೂಲರಿಗೆ ಬರುವುದೆಂದು ಹೇಳುವ ರೋಗಗಳೇ ಮೇದಸ್ಸಿಲ್ಲದವರಿಗೂ ಬರುತ್ತವೆ. ಏಕೆಂದರೆ ಇಡುವುದಕ್ಕೆ ತಾವಿಲ್ಲದ ಜಿಡ್ಡು ಇರಬಾರದ ಕಡೆಗೆ ಹರಿಯುತ್ತದೆ, ಹೇಳಬೇಕಾದ ಸ್ರಾವ ಹುಟ್ಟುವುದೇ ಇಲ್ಲ. ಇಂಥ ಇಲಿಗಳಿಗೆ ೨೦೦೦ದಲ್ಲಿ ಶಸ್ತ್ರಕ್ರಿಯೆಯಿಂದ ಕೊಬ್ಬನ್ನು ನೆಟ್ಟಾಗ ಅವುಗಳ ಸಕ್ಕರೆಕಾಯಿಲೆ ವಾಸಿಯಾಯಿತು. ೨೦೦೨ರಲ್ಲಿ ಒಂಬತ್ತು ಮಂದಿ ರೋಗಿಗಳಿಗೆ ನಾಲ್ಕು ತಿಂಗಳ ಕಾಲ ಲೆಪ್ಟಿನ್ ಕೊಟ್ಟಾಗ ಸಕ್ಕರೆಯೂ ರಕ್ತದ ಜಿಡ್ಡೂ ಗಣನೀಯವಾಗಿ ಇಳಿದುವು. ೨೦೧೪ರಲ್ಲಿ ಅಮೆರಿಕೆಯ ಸರ್ಕಾರ ಈ ರೋಗಕ್ಕೆ ಆ ಔಷಧವನ್ನು ಅಂಗೀಕರಿಸಿತು. ಆರೋಗ್ಯವಾದ ಮೇದಸ್ಸು ಹೃದಯಕ್ಕೆ ಕಾವಲೆಂದೂ, ಕೆಡುಕಿರುವುದು ಅದರ ಮಿತಿಮೀರುವಿಕೆಯಲ್ಲಿಯೂ ಸ್ಥಾನಭ್ರಂಶದಲ್ಲಿಯೂ ಎಂದೂ ಇದರಿಂದ ಸಿದ್ಧಪಡುತ್ತದೆ.

೫

ಎರಡನೆಯ ತೀರ್ಮಾನ, ಹೊರದವನು ನಿರ್ದೋಷಿಯೆಂಬುದು, ಕನ್ನಡನಾಡಿನ ಪಾಲಿಗೆ ಇದಕ್ಕಿಂತಲೂ ಅಪಾಯಕಾರಿಯಾದುದು. ಇದನ್ನು ಪರೀಕ್ಷಿಸುವುದಕ್ಕೆ ದೂರ ಹೋಗಬೇಕಾದುದಿಲ್ಲ. ೧೯೯೬ನೆಯ ಇಸವಿಯಲ್ಲಿ, ಲಂಡನ್ನಿನ ‘ಲ್ಯಾನ್ಸೆಟ್’ ಎಂಬ ಒಂದೇ ಪತ್ರಿಕೆಯಲ್ಲಿ, ಕೆಲವು ತಿಂಗಳ ಅಂತರದಲ್ಲಿ, ಈ ನಾಡಿನ ಎರಡು ಪಟ್ಟಣಗಳ ಎರಡು ಸಂಶೋಧನೆಗಳು ಪ್ರಕಟವಾದುವು.

ಮೊದಲನೆಯದು ಬೆಂಗಳೂರಿನದು. ಪ್ರೇಮ್ ಪಾಯಸ್ ಮೊದಲಾದವರು ಹೃದಯಾಘಾತವಾಗಿ ಆಸ್ಪತ್ರೆಗೆ ಬಂದ ೨೦೦ ಮಂದಿಯನ್ನೂ ಅವರಿಗೆ ವಯಸ್ಸಿನಲ್ಲಿಯೂ ಲಿಂಗದಲ್ಲಿಯೂ ಸಮಾನರಾದ ಬೇರೆ ೨೦೦ ಮಂದಿಯನ್ನೂ ಹೋಲಿಸಿ ನೋಡಿದರು. ಸಿಗರೇಟು ಬೀಡಿಗಳ ಸೇವನೆ ಎಲ್ಲಕ್ಕೂ ದೊಡ್ಡ ಕಾರಣವಾಗಿ ಕಂಡುಬಂದಿತು. ಅದರ ಜೊತೆಗೆ ಉಪವಾಸದ ಸಕ್ಕರೆ, ಸಾಮಾನ್ಯವೆಂದು ಎಣಿಸುವ ಮಟ್ಟದೊಳಗೂ, ಏರಿದಷ್ಟೂ ಅಪಾಯ ಏರುವುದೆಂದು ತಿಳಿಯಿತು. ಸೊಂಟದ ಸುತ್ತಳತೆಗೂ ನಿತಂಬದ ಸುತ್ತಳತೆಗೂ ಇರುವ ಪ್ರಮಾಣವು ಧೂಮಪಾನ, ರಕ್ತದ ಒತ್ತಡ, ಸಕ್ಕರೆಕಾಯಿಲೆಗಳ ಲೆಕ್ಕವನ್ನು ಕಳೆದ ಮೇಲೆಯೂ ಅಪಾಯದ ಸ್ವತಂತ್ರವಾದ ಗುರುತಾಗಿ ಉಳಿಯಿತು. ಆದರೆ ಎಲ್ಲರ ಬಾಯಲ್ಲಿರುವ ರಕ್ತದ ಜಿಡ್ಡು ಈ ಹೋಲಿಕೆಯಲ್ಲಿ ರೋಗಿಗಳನ್ನು ಉಳಿದವರಿಂದ ಬೇರ್ಪಡಿಸಲಿಲ್ಲ. ಒಂದೇ ಪಟ್ಟಣದ ೪೦೦ ಮಂದಿಯ ಲೆಕ್ಕವೆಂದು ಇದನ್ನು ತಳ್ಳಿಹಾಕುವಂತೆಯೂ ಇಲ್ಲ. ೫೨ ದೇಶಗಳ ಸುಮಾರು ೨೭,೦೦೦ ಜನರನ್ನು ಒಳಗೊಂಡು ೨೦೦೫ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿಯೂ ಹೃದಯಾಘಾತವನ್ನು ಸೂಚಿಸುವುದರಲ್ಲಿ ದೇಹತೂಕಾಂಕಕ್ಕಿಂತ ಸೊಂಟ ನಿತಂಬಗಳ ಪ್ರಮಾಣವೇ ಮೇಲಾಯಿತು.

ಎರಡನೆಯದು ಮೈಸೂರಿನದು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, ೧೯೩೪ರಿಂದ ಹುಟ್ಟಿದ ಶಿಶುಗಳ ತೂಕವನ್ನೂ ಉದ್ದವನ್ನೂ ಬರೆದಿಟ್ಟಿದ್ದಿತು. ಆ ಕಡತಗಳ ಜಾಡು ಹಿಡಿದು ೧೯೩೪ರಿಂದ ೧೯೫೪ರವರೆಗೆ ಅಲ್ಲಿ ಹುಟ್ಟಿದ ೫೧೭ ಮಂದಿ ಗಂಡಸರು ಹೆಂಗಸರನ್ನು ಹುಡುಕಿ ಪರೀಕ್ಷಿಸಲಾಯಿತು. ಹುಟ್ಟುವಾಗ ಐದೂವರೆ ಪೌಂಡು ಅಥವಾ ಅದಕ್ಕಿಂತ ಕಡಮೆ ತೂಗಿದವರಲ್ಲಿ ಹೃದಯದ ಧಮನಿಗಳ ರೋಗ ನೂರಕ್ಕೆ ೧೧ ಮಂದಿಗೆ; ಏಳು ಪೌಂಡು ಅಥವಾ ಅದಕ್ಕಿಂತ ಹೆಚ್ಚು ತೂಗಿದವರಲ್ಲಿ ನೂರಕ್ಕೆ ೩ ಮಂದಿಗೆ. ಬಡಕಲಾಗಿ ಹುಟ್ಟಿದವನ ಹೃದಯಕ್ಕೇ ಹೆಚ್ಚಿನ ಅಪಾಯ. ಸಕ್ಕರೆಕಾಯಿಲೆಯ ವಿಚಾರದಲ್ಲಿ ೧೯೯೮ರ ಲೆಕ್ಕ ಇಷ್ಟು ಸರಳವಾಗಿರಲಿಲ್ಲ. ಅಲ್ಲಿ ತೂಕವುಳ್ಳ ತಾಯಂದಿರಿಗೆ ಗಿಡ್ಡಗೆ ತೋರವಾಗಿ ಹುಟ್ಟಿದವರು ಹೆಚ್ಚು ಪೀಡಿತರಾಗಿದ್ದರು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ತೂಕವೊಂದರಿಂದಲೇ ಏನನ್ನೂ ತೀರ್ಮಾನಿಸಲಾಗದೆಂಬುದು ಇನ್ನೂ ಸ್ಪಷ್ಟವಾಗುತ್ತದೆ.

ಈ ಎರಡು ಸಂಶೋಧನೆಗಳ ನಡುವೆ ಕೊಂಡಿಯಾದುದು ಮೇದಸ್ಸಿನ ವಿಚಾರವೇ. ೧೯೯೭ರಿಂದ ಅದೇ ಮೈಸೂರಿನ ಆಸ್ಪತ್ರೆಯಲ್ಲಿ ಆರಂಭವಾದ, ಪಾರ್ಥೆನಾನ್ ಅಧ್ಯಯನವೆಂದು ಹೆಸರಾದ ಸಂಶೋಧನೆಯಲ್ಲಿ ಜಿ. ವಿ. ಕೃಷ್ಣವೇಣಿ ಮೊದಲಾದವರು ನವಜಾತ ಶಿಶುಗಳ ಮೈಯನ್ನು ಅಂಗಾಂಗವಾಗಿ ಅಳೆದರು. ಇಂಗ್ಲೆಂಡಿನ ಶಿಶುಗಳಿಗೆ ಹೋಲಿಸಿದರೆ ಮೈಸೂರಿನ ಶಿಶುಗಳು ಎಲ್ಲ ಅಳತೆಗಳಲ್ಲಿಯೂ ಚಿಕ್ಕವು. ಆದರೆ ಬೆನ್ನಿನ ಮೇಲಿನ ಚರ್ಮದ ಮಡಿಕೆಯ ದಪ್ಪದಲ್ಲಿ ಕೊರತೆ ಬಹಳ ಸ್ವಲ್ಪ. ನಾಲ್ಕು ವರ್ಷವಾಗುವ ಹೊತ್ತಿಗೆ ಆ ಒಂದು ಅಳತೆಯಲ್ಲಿ ಇಲ್ಲಿನ ಮಕ್ಕಳೇ ಮುಂದು. ಪುಣೆಯಲ್ಲಿ ಚಿತ್ತರಂಜನ ಯಾಜ್ಞಿಕರು ‘ಕೃಶವಾದರೂ ಮೇದಸ್ವಿ’ಯಾದ ಭಾರತೀಯ ಶಿಶುವೆಂದು ನಿರೂಪಿಸಿದುದು ಇದನ್ನೇ. ೨೦೦೨ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ, ತೂಕದ ಭೇದವನ್ನು ಕಳೆದು ನೋಡಿದಾಗ, ಹೊಕ್ಕುಳಬಳ್ಳಿಯ ರಕ್ತದಲ್ಲಿಯೇ ಲೆಪ್ಟಿನ್ನೂ ಇನ್ಸುಲಿನ್ನೂ ಇಲ್ಲಿನ ಶಿಶುಗಳಲ್ಲಿ ಲಂಡನ್ನಿನ ಬಿಳಿಯ ಶಿಶುಗಳಿಗಿಂತ ಹೆಚ್ಚು. ಇನ್ನೂ ಒಂದು ತುತ್ತು ಉಣ್ಣದ ಶಿಶುವಿನ ಮೇಲೆ ‘ಕೊಬ್ಬಿ’ನ ಅಪವಾದವನ್ನು ಹೊರಿಸುವವರು ಯಾರು?

ಈಗ ದಂಡಿನ ಕಡೆಗೆ ತಿರುಗಿದರೆ ಈ ಲೆಕ್ಕಗಳ ಅರ್ಥ ಕಣ್ಣಿಗೆ ಕಾಣುತ್ತದೆ. ಇಂದಿರಾನಗರದ ನೂರಡಿ ರಸ್ತೆಯ ವ್ಯಾಯಾಮಶಾಲೆಗಳ ಫಲಕಗಳು ಮೈ ತುಂಬಿದವರನ್ನು ಕರೆಯುತ್ತವೆ. ಆರೋಗ್ಯದ ಅಂಕಣಗಳು ಬರೆಯಲ್ಪಡುವುದೂ ಬಹುಮಟ್ಟಿಗೆ ಅವರಿಗಾಗಿಯೇ. ಹಲಸೂರಿನಿಂದ ಇಂದಿರಾನಗರವನ್ನು ಹಾದು ಕೃಷ್ಣರಾಜಪುರಕ್ಕೆ ಓಡುವ ಮೆಟ್ರೋ ಗಾಡಿಯಲ್ಲಿಯೋ ಅದರ ಕೆಳಗಿನ ಆಟೋ ಸಾಲಿನಲ್ಲಿಯೋ ಒಬ್ಬ ಮನುಷ್ಯನನ್ನು ಕಲ್ಪಿಸಿಕೊಳ್ಳಬಹುದು: ಎತ್ತರ ೧೬೫ ಸೆಂಟಿಮೀಟರ್, ತೂಕ ೬೦ ಕಿಲೋ, ಸಪುರವಾದ ಕೈಕಾಲು, ಅಂಗಿಯ ಕೆಳಗೆ ಸ್ವಲ್ಪವೇ ಮುಂದೆ ಬಂದ ಹೊಟ್ಟೆ, ಸೊಂಟ ೯೪ ಸೆಂಟಿಮೀಟರ್, ಜೇಬಿನಲ್ಲಿ ಬೀಡಿಯ ಕಟ್ಟು. ಆತನ ದೇಹತೂಕಾಂಕ ೨೨. ೨೦೦೪ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಏಷ್ಯದವರಿಗೆಂದು ಇಳಿಸಿ ಗೊತ್ತುಮಾಡಿದ ೨೩ ಎಂಬ ಗೆರೆಯ ಕೆಳಗೂ ಆತನು ಸುಖವಾಗಿಯೇ ಇದ್ದಾನೆ. ತಕ್ಕಡಿ ಆತನನ್ನು ಬಿಟ್ಟುಕೊಡುತ್ತದೆ. ಓದಿದ ಲೇಖನಗಳೂ ಬಿಟ್ಟುಕೊಡುತ್ತವೆ. ‘ಕೊಬ್ಬು’ ಎಂಬ ಮಾತು ತನಗೆ ಸಂಬಂಧಿಸಿದುದೆಂದು ಆತನಿಗೆ ಸ್ವಪ್ನದಲ್ಲಿಯೂ ತೋರದು. ಸೊಂಟದ ಪಟ್ಟಿಯೊಂದು ಮಾತ್ರ ಆತನನ್ನು ತಡೆದು ನಿಲ್ಲಿಸಬಲ್ಲುದು. ೨೦೦೯ರಲ್ಲಿ ಭಾರತದ ತಜ್ಞರು ಒಪ್ಪಿ ಪ್ರಕಟಿಸಿದ ಮಿತಿ ಗಂಡಸರಿಗೆ ೯೦, ಹೆಂಗಸರಿಗೆ ೮೦ ಸೆಂಟಿಮೀಟರ್.

ಇಂಥವನು ಅಪವಾದವೆಂದು ಹೇಳುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯ ಆಶ್ರಯದಲ್ಲಿ ದೇಶದಾದ್ಯಂತ ೧,೧೩,೦೪೩ ಮಂದಿಯನ್ನು ಪರೀಕ್ಷಿಸಿ ೨೦೨೩ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ತೂಕದ ಲೆಕ್ಕದಲ್ಲಿ ಸ್ಥೂಲರಾದವರು ನೂರಕ್ಕೆ ೨೮.೬, ಹೊಟ್ಟೆಯ ಅಳತೆಯಲ್ಲಿ ಸ್ಥೂಲರಾದವರು ನೂರಕ್ಕೆ ೩೯.೫. ಎರಡು ಸಂಖ್ಯೆಗಳ ನಡುವಣ ಅಂತರದಲ್ಲಿ ಕೋಟಿಗಟ್ಟಲೆ ಜನ ಬಿದ್ದುಹೋಗಿದ್ದಾರೆ. ಅವರಿಗಾಗಿ ಬರೆದ ಸಾಹಿತ್ಯ ಕನ್ನಡದಲ್ಲಿ ಬಲು ವಿರಳ.

೬

ಹಾಗಾದರೆ ಸ್ರಾವಗಳ ವಿಷಯವನ್ನೇ ಹೇಳುವ ಹೊಸ ಲೇಖನಗಳಿಂದ ಈ ಕೊರತೆ ತುಂಬುವುದಿಲ್ಲವೆ ಎಂಬ ಪ್ರಶ್ನೆ ಬರಬಹುದು. ತುಂಬಬೇಕಾಗಿತ್ತು; ತುಂಬಿಲ್ಲ. ಹಳೆಯ ಬರಹಗಾರರು ಕೊಬ್ಬಿಗೆ ಹೊರಿಸಿದ್ದ ನೀತಿಯನ್ನು ಹೊಸಬರು ಸ್ರಾವಗಳಿಗೆ ಹೊರಿಸಿದ್ದಾರೆ. ‘ಒಳ್ಳೆಯ ಕೊಲೆಸ್ಟರಾಲು, ಕೆಟ್ಟ ಕೊಲೆಸ್ಟರಾಲು’ ಎಂಬ ಜೋಡಿಯ ಮಾದರಿಯಲ್ಲಿಯೇ ‘ಒಳ್ಳೆಯ ಹಾರ್ಮೋನು, ಕೆಟ್ಟ ಹಾರ್ಮೋನು’ ಎಂಬ ಜೋಡಿ ಹುಟ್ಟಿದೆ. ಅಡಿಪೊನೆಕ್ಟಿನ್ ಒಳ್ಳೆಯದು, ಲೆಪ್ಟಿನ್ ‘ಹಸಿವನ್ನು ಕೊಲ್ಲುವುದು’, ಉಳಿದುವು ಕೆಟ್ಟುವು. ಓದುವುದಕ್ಕೆ ಸುಲಭ, ನಿಜದ ಮುಂದೆ ನಿಲ್ಲದು.

ಲೆಪ್ಟಿನ್ನಿನ ಕಥೆ ಮೊದಲು. ಅದು ಸಿಕ್ಕಿದಾಗ ಸ್ಥೂಲತೆಗೆ ದಿವ್ಯೌಷಧ ದೊರೆಯಿತೆಂದು ಲೋಕ ಸಂಭ್ರಮಪಟ್ಟಿತು. ೧೯೯೯ರಲ್ಲಿ ಸಾಮಾನ್ಯ ಸ್ಥೂಲರಿಗೆ ಅದನ್ನು ಕೊಟ್ಟು ನೋಡಿದಾಗ ಫಲ ಅಲ್ಪ, ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಅವರ ರಕ್ತದಲ್ಲಿ ಲೆಪ್ಟಿನ್ ಮೊದಲೇ ತುಂಬಿತ್ತು. ಮೆದುಳು ಅದಕ್ಕೆ ಕಿವುಡಾಗಿತ್ತು. ಕೂಗುವ ದನಿಯನ್ನು ಏರಿಸಿದುದರಿಂದ ಕಿವುಡು ಹೋಗಲಿಲ್ಲ.

ಅಡಿಪೊನೆಕ್ಟಿನ್ನಿನದು ಇನ್ನೂ ಎಚ್ಚರ ಕಲಿಸುವ ಕಥೆ. ಸಕ್ಕರೆಕಾಯಿಲೆಯವರಲ್ಲಿಯೂ ಹೊಟ್ಟೆ ಬೆಳೆದವರಲ್ಲಿಯೂ ಅದು ಕಡಮೆಯೆಂಬುದು ಚೆನ್ನೈ ಪಟ್ಟಣದ ಪರಿಶೀಲನೆಯೂ ಸೇರಿ ಅನೇಕ ಕಡೆ ದೃಢಪಟ್ಟಿದೆ. ಆದರೆ ಹೃದಯ ಸೋತು ನರಳುವ ರೋಗಿಗಳಲ್ಲಿ ಅದು ಹೆಚ್ಚಾಗಿದ್ದವರೇ ಬೇಗ ಸತ್ತರೆಂದು ೨೦೦೫ರಲ್ಲಿ ಪ್ರಕಟವಾಯಿತು; ಅಂಥ ಫಲಿತಾಂಶ ಆಮೇಲೆಯೂ ಬಂದಿದೆ. ಹುಟ್ಟಿನಿಂದಲೇ ಈ ಸ್ರಾವವನ್ನು ಹೆಚ್ಚಾಗಿ ಪಡೆದ ವಂಶವಾಹಿಯುಳ್ಳವರಲ್ಲಿ ಹೃದಯದ ಧಮನಿಗಳ ರೋಗ ಕಡಮೆಯಾಗಿರುವಂತೆಯೂ ಕಾಣಲಿಲ್ಲ. ಎಂದಮೇಲೆ ಅದು ಆರೋಗ್ಯಕ್ಕೆ ಕಾರಣವೋ, ಆರೋಗ್ಯದ ಚಿಹ್ನೆಯೋ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ಹೊಗೆಯನ್ನು ಬೀಸಿ ಓಡಿಸಿದರೆ ಬೆಂಕಿ ಆರುವುದಿಲ್ಲ.

ಮೂರನೆಯದು ‘ವಿಸ್ಫಾಟಿನ್’ ಎಂಬುದರ ಕಥೆ. ಹೊಟ್ಟೆಯೊಳಗಿನ ಕೊಬ್ಬಿನಿಂದ ಹೊರಟು ಇನ್ಸುಲಿನ್ನಿನಂತೆಯೇ ಕೆಲಸಮಾಡುವ ಸ್ರಾವವೆಂದು ೨೦೦೫ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅದು ಮೆರೆಯಿತು. ೨೦೦೭ರಲ್ಲಿ ಆ ಲೇಖನವನ್ನು ಹಿಂದಕ್ಕೆ ತೆಗೆದುಕೊಳ್ಳಲಾಯಿತು. ಶಾಸ್ತ್ರ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವುದು ಅದಕ್ಕೆ ಭೂಷಣ. ಮೊದಲ ಸುದ್ದಿಯನ್ನು ಮಾತ್ರ ಹೊತ್ತು ತಂದು ತಿದ್ದುಪಡಿಯನ್ನು ದಾರಿಯಲ್ಲಿಯೇ ಬಿಟ್ಟುಬರುವುದು ಜನಪ್ರಿಯ ಸಾಹಿತ್ಯಕ್ಕೆ ಭೂಷಣವಲ್ಲ.

ಇದಕ್ಕೆ ಒಂದು ಪೂರ್ವಪಕ್ಷವುಂಟು. ಸಾಮಾನ್ಯ ವಾಚಕನಿಗೆ ಇಷ್ಟು ಸೂಕ್ಷ್ಮ ಬೇಕೆ? ‘ಕೊಬ್ಬು ಕರಗಿಸು’ ಎಂದರೆ ನಾಲ್ಕು ಹೆಜ್ಜೆ ನಡೆದಾನು, ಅಷ್ಟೇ ಲಾಭವಲ್ಲವೆ? ನಡೆಯುವವನಿಗೆ ಲಾಭವೇ, ಅದರಲ್ಲಿ ಸಂದೇಹವಿಲ್ಲ. ಧೂಮಪಾನವನ್ನು ಬಿಡುವುದು, ಮೈ ದುಡಿಸುವುದು, ನಿದ್ರೆ, ಹಿತವಾದ ಅನ್ನ ಇವುಗಳ ಗುಣ ಯಾವ ಪದದಲ್ಲಿ ಹೇಳಿದರೂ ಕೆಡದು. ಆದರೆ ಆ ಮಾತು ಯಾರನ್ನು ಉದ್ದೇಶಿಸಿ ಹೊರಟಿದೆಯೋ ಅವರಲ್ಲಿ ಲಜ್ಜೆಯನ್ನು ಹುಟ್ಟಿಸುತ್ತದೆ. ಯಾರನ್ನು ಉದ್ದೇಶಿಸಿಲ್ಲವೋ ಅವರಲ್ಲಿ ಇಲ್ಲದ ಧೈರ್ಯವನ್ನು ಹುಟ್ಟಿಸುತ್ತದೆ. ಲಜ್ಜೆಪಟ್ಟವನು ವೈದ್ಯನ ಬಳಿಗೆ ತಡವಾಗಿ ಹೋಗುತ್ತಾನೆ. ಧೈರ್ಯಗೊಂಡವನು ಹೋಗುವುದೇ ಇಲ್ಲ. ಸರಳತೆಯೆಂಬ ಗುಣ ಇಷ್ಟು ಬೆಲೆಗೆ ಕೊಳ್ಳತಕ್ಕುದಲ್ಲ.

೭

ಉಳಿದುದು ಪದಗಳ ವಿಚಾರ. ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ‘ಮೇದಸ್ಸು’ ಏಳು ಧಾತುಗಳಲ್ಲಿ ಒಂದು. ಧಾತುವೆಂದರೆ ಶರೀರವನ್ನು ಧರಿಸತಕ್ಕುದು. ರಸರಕ್ತಮಾಂಸಗಳ ಪಂಕ್ತಿಯಲ್ಲಿಯೇ ಅದಕ್ಕೂ ಎಲೆ ಹಾಕಿದ್ದಾರೆ, ಹೊರಗೆ ಕೂರಿಸಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಎಂಟು ಬಗೆಯ ನಿಂದಿತ ಶರೀರಗಳನ್ನು ಎಣಿಸುವಾಗ ಅತಿಸ್ಥೂಲನ ಜೊತೆಗೆ ಅತಿಕೃಶನನ್ನೂ ಎಣಿಸಿದೆ. ಕೃಶನಾದುದರಿಂದಲೇ ಕ್ಷೇಮವೆಂಬ ಭ್ರಮೆಗೆ ಎಡೆಗೊಟ್ಟಿಲ್ಲ. ಇಷ್ಟರಿಂದ ಪ್ರಾಚೀನರು ಲೆಪ್ಟಿನ್ನನ್ನು ಬಲ್ಲವರಾಗಿದ್ದರೆಂದು ಸಾಧಿಸಹೊರಡುವುದು ಹಾಸ್ಯಾಸ್ಪದ. ಸ್ರಾವಗಳ ಜ್ಞಾನ ಈ ಕಾಲದ ಪ್ರಯೋಗಶಾಲೆಗಳದು. ಅದರ ಕೀರ್ತಿ ಅವಕ್ಕೇ ಸಲ್ಲಬೇಕು. ಹಳೆಯ ಪದದಲ್ಲಿರುವ ಭಾವನೆ ಹೊಸ ಜ್ಞಾನವನ್ನು ತಾಳುವಷ್ಟು ವಿಶಾಲವಾಗಿದೆಯೆಂಬುದಷ್ಟೇ ಇಲ್ಲಿ ಗ್ರಾಹ್ಯ.

ಆದುದರಿಂದ ಕನ್ನಡದ ಆರೋಗ್ಯಬರಹಗಾರರು ಅಂಗವನ್ನು ಹೇಳಬೇಕಾದಲ್ಲಿ ‘ಮೇದೋಧಾತು’ವೆಂದೂ, ಅದರಿಂದ ಹೊರಡುವ ಪದಾರ್ಥಗಳಿಗೆ ‘ಮೇದಃಸ್ರಾವ’ಗಳೆಂದೂ, ಹೊಟ್ಟೆಯೊಳಗಿನದನ್ನು ‘ಒಳಮೇದಸ್ಸು’ ಎಂದೂ ಬಳಸಿದರೆ ಪದಾರ್ಥವೂ ಬೈಗುಳವೂ ಬೇರೆಬೇರೆಯಾದಾವು. ಈ ಪದಗಳಿಗಿಂತ ಮೇಲಾದುವು ಹಳ್ಳಿಗರ ಬಾಯಲ್ಲಿ ಸಿಕ್ಕಿದರೆ ಅವೇ ಆಗಬಹುದು. ‘ಕೊಬ್ಬು’ ಜನರ ಮಾತಿನಲ್ಲಿ ಇದ್ದೇ ಇರುತ್ತದೆ, ಇರಲಿ. ರೋಗಿಯ ಮುಂದೆ ಮಾತ್ರ ಅದನ್ನು ಎಚ್ಚರದಿಂದ ಎತ್ತಬೇಕು. ಒಳ್ಳೆಯದು ಕೆಟ್ಟದ್ದೆಂಬ ವಿಶೇಷಣಗಳನ್ನು ಸ್ರಾವಗಳಿಗೆ ಹಚ್ಚದೆ, ಹೆಚ್ಚಿದರೇನು, ಕುಗ್ಗಿದರೇನು, ಎಲ್ಲಿ ಕುಗ್ಗಿದರೇನು ಎಂದು ಹೇಳಿದರೆ ಲೇಖನ ನಾಲ್ಕು ಸಾಲು ಉದ್ದವಾದೀತು. ಓದಿದವನಿಗೆ ನಿಜ ಸಿಕ್ಕೀತು.

ಅಳತೆಯ ವಿಷಯದಲ್ಲಿಯೂ ಒಂದು ಮಾತು. ಶಿವಾಜಿನಗರದ ಕಮರ್ಷಿಯಲ್ ಸ್ಟ್ರೀಟಿನ ದರ್ಜಿಗಳ ಕೊರಳಲ್ಲಿ ಸದಾ ತೂಗುವ ಪಟ್ಟಿ ಯಾವ ಪ್ರಯೋಗಶಾಲೆಯ ಯಂತ್ರಕ್ಕಿಂತಲೂ ಅಗ್ಗ. ಆದರೆ ದರ್ಜಿ ಅಳೆಯುವುದು ಷರಾಯಿ ನಿಲ್ಲುವ ಕಡೆ. ಹೊಟ್ಟೆ ಮುಂದೆ ಬಂದವನ ಷರಾಯಿ ಹೊಟ್ಟೆಯ ಕೆಳಕ್ಕೆ ಜಾರಿ ನಿಲ್ಲುವುದರಿಂದ ವರ್ಷಗಳು ಕಳೆದರೂ ಅಳತೆ ಬದಲಾಗದೆ ಉಳಿದು ಆತನನ್ನು ಮೋಸಗೊಳಿಸುತ್ತದೆ. ವೈದ್ಯನ ಅಳತೆಗೆ ಪಟ್ಟಿಯನ್ನು ಹಿಡಿಯಬೇಕಾದುದು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಟ್ಟನಡುವೆ, ಉಸಿರನ್ನು ಮೆಲ್ಲಗೆ ಹೊರಬಿಟ್ಟ ಮೇಲೆ. ಇಷ್ಟನ್ನು ಸರಿಯಾಗಿ ಹೇಳಿಕೊಡುವ ಒಂದು ಪುಟದ ಕರಪತ್ರ ಶಿವಾಜಿನಗರದ ನಾಲ್ಕು ಭಾಷೆಗಳಲ್ಲಿಯೂ ಬಂದು, ಹಲಸೂರಿನ ಸಂತೆಯಲ್ಲಿಯೂ ಕೃಷ್ಣರಾಜಪುರದ ಆಟೋ ನಿಲ್ದಾಣದಲ್ಲಿಯೂ ಹಂಚಲ್ಪಟ್ಟರೆ, ಕೊಬ್ಬನ್ನು ಕರಗಿಸುವ ನೂರು ಲೇಖನಗಳು ಮುಟ್ಟದವನನ್ನು ಅದು ಮುಟ್ಟೀತು. ಬೈಗುಳದಲ್ಲಿ ಒಂದಾದ ನಾಲ್ಕು ಭಾಷೆಗಳು ಉಪಕಾರದಲ್ಲಿಯೂ ಒಂದಾಗಬಲ್ಲುವು.